ಗದ್ದದ ಕೆಳಗಿನ ಗುರುತು

ಕುತ್ತಿಗೆಯ ಮೇಲೆ ಒಂದು ಗುರುತು ಕಂಡರೆ ಸಾಕು, ಎಲ್ಲರೂ ಡಾಕ್ಟರಾಗಿಬಿಡುತ್ತಾರೆ. ಜ್ವರ ಬಂದು ಸತ್ತವರ, ಹಾವು ಕಚ್ಚಿ ಸತ್ತವರ ವಿಷಯದಲ್ಲಿ ಪೊಲೀಸರು ನನ್ನ ಮಾತಿಗಾಗಿ ಕಾಯುತ್ತಿದ್ದರು. ಕುತ್ತಿಗೆಯ ಕೇಸಿನಲ್ಲಿ ಮಾತ್ರ ನಾನು ಕೈಗವಸು ತೊಡುವ ಮೊದಲೇ ಉತ್ತರ ತಯಾರಾಗಿರುತ್ತಿತ್ತು. ಶವಾಗಾರದ ಬಾಗಿಲಲ್ಲಿ ನಿಂತ ಪೇದೆಯಿಂದ ಹಿಡಿದು ಎದುರಿನ ಚಹಾದಂಗಡಿಯವನವರೆಗೆ ಎಲ್ಲರಿಗೂ ಗೊತ್ತು: ನೇಣು, ಇಲ್ಲವೇ ಕೊಲೆ. ನಾನು ಸಹಿ ಹಾಕಿದರೆ ಮುಗಿಯಿತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಡೊಂಬಿವಲಿಯಲ್ಲಿ ಮನೆ, ಕಲ್ಯಾಣದ ಕಡೆಯ ಒಂದು ಸಣ್ಣ ಸರಕಾರಿ ಆಸ್ಪತ್ರೆಯಲ್ಲಿ ಕೆಲಸ. ಅಲ್ಲಿ ಹೆರಿಗೆ ಮಾಡಿಸುವವಳೂ ನಾನೇ, ಶವಪರೀಕ್ಷೆ ಮಾಡುವವಳೂ ನಾನೇ. ಹೆಂಗಸು ಹೆಣ ಕೊಯ್ಯುತ್ತಾಳಂತೆ ಎಂದು ಮೊದಮೊದಲು ಇಣುಕಿ ನೋಡುತ್ತಿದ್ದವರೆಲ್ಲ ನಾನು ಗದರಿಸಿದ ಮೇಲೆ ಇಣುಕುವುದನ್ನು ಬಿಟ್ಟಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂಬ ಖ್ಯಾತಿ ಆ ಆಸ್ಪತ್ರೆಯಲ್ಲಿ ಬಹಳ ಉಪಯೋಗಕ್ಕೆ ಬಂತು.

ಆ ಜನವರಿಯಲ್ಲಿ ಕಲ್ಯಾಣಕ್ಕೆ ಎಂದಿಲ್ಲದ ಚಳಿ ಬಂದಿತ್ತು. ಲೋಕಲ್ ರೈಲು ಇಳಿದು ಶಾಲು ಹೊದ್ದುಕೊಂಡೇ ಆಸ್ಪತ್ರೆಗೆ ನಡೆದು ಬಂದೆ. ಸಬ್ ಇನ್‌ಸ್ಪೆಕ್ಟರ್ ಪಂಚನಾಮೆ ಹಿಡಿದು ಕಾಯುತ್ತಿದ್ದರು. ರತ್ನಾಗಿರಿ ಕಡೆಯವರು, ಚುರುಕು ಮನುಷ್ಯ, ಮಾತಿನಲ್ಲಿ ಸ್ವಲ್ಪ ಅವಸರ. ನಮ್ಮಿಬ್ಬರದು ಮರಾಠಿಯಲ್ಲೇ ವ್ಯವಹಾರ.

"ಬಾಈ, ಇವತ್ತಿನದು ಸುಲಭದ್ದು," ಎಂದರು. "ನಿನ್ನೆ ಬೆಳಿಗ್ಗೆ ಸಿಕ್ಕ ಹೆಣ. ಸಂಜೆ ತಂದಾಗ ಬೆಳಕು ಹೋಗಿತ್ತು, ಅದಕ್ಕೇ ಮಂಜುಗಡ್ಡೆಯ ಮೇಲೆ ಇಡಿಸಿದೆ. ಮಧ್ಯಾಹ್ನದ ಮೇಲೆ ಆರೋಪಿಯನ್ನು ಕೋರ್ಟಿಗೆ ಹಾಜರುಪಡಿಸಬೇಕು. ಅಷ್ಟರೊಳಗೆ ನಿಮ್ಮ ಒಂದು ಸಾಲು ಸಿಕ್ಕರೆ ಸಾಕು."

ಅವರು ಹೇಳಿದ ಸಂಗತಿ ಇಷ್ಟು. ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುವ ವಿಜಾಪುರದ ಕಡೆಯ ಕೂಲಿಗಳು ಯಾರ್ಡಿನ ಪಕ್ಕದ ಚಾಳಿನಲ್ಲಿದ್ದರು. ಒಂದು ಖೋಲಿಯಲ್ಲಿ ಗಂಡ, ಹೆಂಡತಿ, ಹೆಂಡತಿಯ ಅಣ್ಣ. ಗಂಡನಿಗೆ ಜ್ವರ. ಹೆಣ ಸಿಗುವ ಹಿಂದಿನ ಸಂಜೆ ಅಣ್ಣನಿಗೂ ಅವನಿಗೂ ಜೋರು ಜಗಳವಾಗಿ, "ಹಾಗಾದರೆ ಸಾಯಿ" ಎಂದು ಅಣ್ಣ ಕೂಗಿದ್ದನ್ನು ಇಡೀ ಚಾಳು ಕೇಳಿತ್ತು. ಬೆಳಿಗ್ಗೆ ನಲ್ಲಿಗೆ ಹೋಗುತ್ತಿದ್ದ ಪಕ್ಕದ ಮನೆಯ ಹೆಂಗಸು ಕಿಟಕಿಯಲ್ಲಿ ನೋಡಿದರೆ, ಗಂಡ ಗೋಡೆಗೆ ಒರಗಿ ಕುಳಿತಿದ್ದಾನೆ, ಗದ್ದದ ಕೆಳಗಿನಿಂದ ಹೋದ ಬಟ್ಟೆ ಕಿಟಕಿಯ ಸರಳಿಗೆ ಬಿಗಿದಿದೆ. ಅವಳು ಕಿರುಚಿಕೊಂಡು ಪೊಲೀಸ್ ಚೌಕಿಗೆ ಓಡಿದಳು.

"ಅಣ್ಣ ಯಾರ್ಡಿನಲ್ಲಿ ರಾತ್ರಿಪಾಳಿಯಲ್ಲಿದ್ದನಂತೆ," ಎಂದರು ಇನ್‌ಸ್ಪೆಕ್ಟರ್. "ಆದರೆ ಯಾರ್ಡಿನಿಂದ ಚಾಳು ಕೂಗಳತೆ. ನಡುವೆ ಬಂದು ಹೋಗಿಲ್ಲ ಅಂತ ಆಣೆ ಮಾಡುವವರು ಯಾರೂ ಇಲ್ಲ. ಬಟ್ಟೆ ಕಟ್ಟಿದ್ದು ತಾನೇ ಅಂತ ಒಪ್ಪಿಕೊಂಡಿದ್ದಾನೆ. ಇನ್ನೇನು ಬೇಕು?"

ಶವಾಗಾರದ ಹೊರಜಗಲಿಯಲ್ಲಿ ಸತ್ತವನ ಹೆಂಡತಿ ಕುಳಿತಿದ್ದಳು. ಇಪ್ಪತ್ತು ದಾಟಿರಲಾರದ ಹುಡುಗಿ, ಹೊಟ್ಟೆ ಎದ್ದು ಕಾಣುವ ಬಸುರಿ. ತಲೆಯನ್ನು ಕಂಬಕ್ಕೆ ಒತ್ತಿ ಹಿಡಿದಿದ್ದಳು. ನಾನು ಕನ್ನಡದಲ್ಲಿ ಮಾತಾಡಿಸಿದಾಗ ಬೆಚ್ಚಿ ತಲೆಯೆತ್ತಿದಳು, ಆಮೇಲೆ ನನ್ನ ಸೀರೆಯ ಸೆರಗನ್ನೇ ಹಿಡಿದುಕೊಂಡಳು.

"ಅಕ್ಕಾರ, ನಮ್ಮಣ್ಣ ಏನೂ ಮಾಡಿಲ್ರಿ. ಕುಂಡ್ರಿಸ್ಯಾನ್ರಿ ಅಷ್ಟ. ನಮ್ಮಾಗ ಸತ್ತಾವ್ರನ್ನ ಮಲಗಸಂಗಿಲ್ರಿ, ಗ್ವಾಡಿಗಿ ಆನಿಸಿ ಕುಂಡ್ರಸ್ತೀವಿ. ಕುತಗಿ ವಾಲಬಾರದಂತ ಗದ್ದಕ್ಕ ಅರಬಿ ಕಟ್ಟಿ ಮ್ಯಾಲ ಬಿಗದಾನ. ಊರಾಗಾದ್ರ ಗ್ವಾಡಿಗಿ ಗೂಟಾ ಇರ್ತಾವು. ಇಲ್ಲಿ ಎಲ್ಲಿಂದ ತರೂದ್ರಿ? ಕಿಟಕಿ ಸರಳಿಗಿ ಕಟ್ಟಿದಾ."

ನಾನು ಕರಾವಳಿಯವಳು. ನಮ್ಮಲ್ಲಿ ಸತ್ತವರನ್ನು ನೆಲದ ಮೇಲೆ ಉದ್ದಕ್ಕೆ ಮಲಗಿಸುತ್ತಾರೆ. ಲಿಂಗಾಯತರು ಕುಳಿತ ಭಂಗಿಯಲ್ಲೇ ಮಣ್ಣು ಮಾಡುತ್ತಾರೆ ಎಂದು ಕೇಳಿದ್ದೆ. ಅದಕ್ಕೂ ಮೊದಲು ಮನೆಯಲ್ಲಿ ಹೀಗೆ ಕೂರಿಸಿ, ತಲೆ ನೆಟ್ಟಗಿರಲೆಂದು ಬಟ್ಟೆ ಕಟ್ಟುತ್ತಾರೆ ಎಂದು ಗೊತ್ತಿರಲಿಲ್ಲ. ಗೊತ್ತಾದ ಕೂಡಲೇ ನನಗೆ ಎಲ್ಲ ಬಗೆಹರಿದಂತೆನಿಸಿ ಇನ್‌ಸ್ಪೆಕ್ಟರರ ಬಳಿ ದಡದಡನೆ ಹೋದೆ.

ಅವರು ಸಮಾಧಾನದಿಂದ ಕೇಳಿಸಿಕೊಂಡರು. "ಗೊತ್ತು ಬಾಈ. ಸೋಲಾಪುರದ ಕಡೆಯೂ ಹಾಗೆ ಮಾಡುತ್ತಾರೆ, ನನ್ನ ಒಬ್ಬ ಹವಾಲ್ದಾರ ಹೇಳಿದ. ಆದರೆ ಮೊದಲು ಸತ್ತು ಆಮೇಲೆ ಕಟ್ಟಿದ್ದೋ, ಮೊದಲು ಕಟ್ಟಿ ಆಮೇಲೆ ಸತ್ತದ್ದೋ? ಅದನ್ನು ಪದ್ಧತಿ ಹೇಳುವುದಿಲ್ಲ. ನೀವು ಹೇಳಬೇಕು."

ಅವರ ಮಾತು ಸರಿಯಾಗಿತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಒಳಗೆ ಹೋಗಿ ಕೈಗವಸು ತೊಟ್ಟೆ.

ಶವ ಕಾಲು ಮಡಚಿದ ಭಂಗಿಯಲ್ಲೇ ಮರಗಟ್ಟಿತ್ತು. ಎಡಗೈಯ ಅಂಗೈಯಲ್ಲಿ ಇಷ್ಟಲಿಂಗ. ಅದನ್ನು ತೆಗೆದು ಗಾಯಕ್ಕೆ ಕಟ್ಟುವ ಹೊಸ ಗಾಜ್ ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿ ಇಟ್ಟೆ. ಹಣೆ, ಕುತ್ತಿಗೆ, ಎದೆ, ತೋಳುಗಳ ಮೇಲೆಲ್ಲ ವಿಭೂತಿ ಬಳಿದಿದ್ದರು. ಪೊಲೀಸರಿಗೆ ಅದರ ಕೆಳಗಿನ ಚರ್ಮ ಕಂಡಿರಲಿಲ್ಲ. ಒದ್ದೆ ಹತ್ತಿಯಿಂದ ನಿಧಾನವಾಗಿ ಒರೆಸುತ್ತ ಬಂದೆ. ಕುತ್ತಿಗೆಯ ಹತ್ತಿರ ಬಂದಾಗ ಕೈ ನಿಂತಿತು.

ಗುರುತು ಗದ್ದದ ಕೆಳಗೆ ಶುರುವಾಗಿ, ಎರಡೂ ಕಡೆ ಕಿವಿಯ ಹಿಂದಕ್ಕೆ ಏರಿ ಹೋಗಿತ್ತು. ಅಗಲವಾಗಿ, ಒಣಗಿದ ತೊಗಲಿನಂತಿತ್ತು. ಕುತ್ತಿಗೆ ಹಿಸುಕಿದ ಹಗ್ಗದ ಗುರುತು ಅಡ್ಡಕ್ಕೆ ಸುತ್ತಲೂ ಇರುತ್ತದೆ. ನೇಣಿನದು ಹೀಗೆ ಓರೆಯಾಗಿ ಮೇಲಕ್ಕೆ ಏರುತ್ತದೆ. ಕಾಲೇಜಿನಲ್ಲಿ ನಮಗೆ ತೋರಿಸುತ್ತಿದ್ದ ಚಿತ್ರವೇ ಅದು. ಹೊರಗೆ ಕುಳಿತ ಹುಡುಗಿಯ ನೆನಪಾಯಿತು.

ಆದರೆ ಸತ್ತವನ ಕುತ್ತಿಗೆಗೆ ಕಟ್ಟಿದರೂ ಇದೇ ಗುರುತು ಮೂಡುತ್ತದೆ. ಜೀವವಿದ್ದಾಗ ಬಿದ್ದದ್ದೋ ಅಲ್ಲವೋ ಎಂದು ತಿಳಿಯಲು ಬೇರೆ ಕಡೆ ನೋಡಬೇಕು. ಜೀವಂತವಾಗಿ ನೇಣಿಗೆ ಬಿದ್ದವರ ಬಾಯಿಯ ಮೂಲೆಯಿಂದ ಎದೆಯ ಮೇಲೆ ಜೊಲ್ಲು ಇಳಿದಿರುತ್ತದೆ. ಸತ್ತ ಮೇಲೆ ಜೊಲ್ಲು ಸುರಿಯುವುದಿಲ್ಲ. ಇವನಲ್ಲಿ ಆ ಗೆರೆ ಇರಲಿಲ್ಲ, ಆದರೆ ವಿಭೂತಿ ಬಳಿಯುವ ಮುಂಚೆ ಮೈ ತೊಳೆದಿದ್ದರೆ? ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಶವವನ್ನು ಮಗ್ಗುಲಾಗಿಸಿ ಬೆನ್ನು ನೋಡಿದೆ.

ಸತ್ತ ಮೇಲೆ ರಕ್ತ ತನ್ನ ಭಾರಕ್ಕೆ ಕೆಳಗಿಳಿದು ನಿಲ್ಲುತ್ತದೆ. ಕುಳಿತೇ ಸತ್ತವನಾದರೆ ಅದು ಕುಂಡೆಯಲ್ಲಿ, ಕಾಲುಗಳಲ್ಲಿ, ಅಂಗೈಗಳಲ್ಲಿ ಇಳಿಯಬೇಕು. ಅಲ್ಲಿ ಇತ್ತು, ಸ್ವಲ್ಪ. ಆದರೆ ಬೆನ್ನಿನಲ್ಲಿ ಅದಕ್ಕಿಂತ ಹೆಚ್ಚಿತ್ತು. ಬೆನ್ನು ನೆಲಕ್ಕೆ ಒತ್ತಿದ್ದ ಭುಜದ ಮೂಳೆಗಳ ಮೇಲೆ ಮಾತ್ರ ಬಿಳಿಚಿತ್ತು. ಕಿಟಕಿಯ ಓರೆ ಬೆಳಕಿಗೆ ತಿರುಗಿಸಿದಾಗ ಅದರ ನಡುವೆ ಚಾಪೆಯ ಹೆಣಿಗೆ ಒಂದೊಂದು ಎಳೆಯಾಗಿ ಅಚ್ಚೊತ್ತಿದ್ದು ಕಂಡಿತು. ಮಂಜುಗಡ್ಡೆಗೆ ಹೆಣಿಗೆ ಇರುವುದಿಲ್ಲ. ಅಂದರೆ ಈತ ಸತ್ತು, ಚಾಪೆಯ ಮೇಲೆ ಅಂಗಾತ ಬಹಳ ಹೊತ್ತು ಮಲಗಿದ್ದ. ಕೂರಿಸಿದ್ದು, ಕಟ್ಟಿದ್ದು ಎಲ್ಲ ಆಮೇಲಿನದು. ನಾನು ಶವಾಗಾರದಲ್ಲಿ ನಗುವವಳಲ್ಲ, ಆದರೆ ಅವತ್ತು ಮುಖ ಸಡಿಲವಾಯಿತು.

ಕುತ್ತಿಗೆಯನ್ನು ಕೊನೆಗೆ ತೆರೆದೆ. ಮೊದಲು ತಲೆ, ಎದೆ ತೆರೆದು ರಕ್ತವೆಲ್ಲ ಬಸಿದು ಹೋಗಲು ಬಿಟ್ಟು, ಆಮೇಲೆ ಕುತ್ತಿಗೆಯನ್ನು ಪದರ ಪದರವಾಗಿ ಬಿಡಿಸಬೇಕು. ಅವಸರ ಮಾಡಿದರೆ ನಮ್ಮ ಚಾಕುವಿನಿಂದಲೇ ಒಳಗೆ ರಕ್ತ ಹರಡಿ, ಇಲ್ಲದ ಕೊಲೆಯನ್ನು ನಾವೇ ಹುಟ್ಟಿಸುತ್ತೇವೆ. ಪ್ರತಿಯೊಂದು ಸ್ನಾಯುವೂ ಶುಭ್ರವಾಗಿತ್ತು. ನಾಲಗೆಯ ಬುಡದ ಸಣ್ಣ ಮೂಳೆ ಮುರಿದಿರಲಿಲ್ಲ.

ಇನ್‌ಸ್ಪೆಕ್ಟರರನ್ನು ಕರೆದು ಬೆನ್ನು ತೋರಿಸಿದೆ. ಅವರು ಮೂಗಿಗೆ ಕರ್ಚೀಫು ಹಿಡಿದು ಬಹಳ ಹೊತ್ತು ನೋಡಿದರು.

"ಒಪ್ಪಿದೆ," ಎಂದರು. "ಬಟ್ಟೆಯಿಂದ ಸತ್ತಿಲ್ಲ. ಹಾಗಾದರೆ ಮಲಗಿದ್ದವನ ಮುಖಕ್ಕೆ ದಿಂಬು ಒತ್ತಿದ್ದರೆ?"

ಜ್ವರದಿಂದ ಸೋತ ಮನುಷ್ಯನ ಮುಖಕ್ಕೆ ಮೆತ್ತನೆಯ ದಿಂಬು ಒತ್ತಿದರೆ ಮೈಮೇಲೆ ಒಂದು ಗೀರೂ ಉಳಿಯದಿರಬಹುದು. ಉಸಿರು ಕಟ್ಟಿ ಸತ್ತವರ ವಿಷಯದಲ್ಲಿ ಇದೇ ತಾಪತ್ರಯ. ಉಸಿರು ಯಾತರಿಂದ ನಿಂತಿತು ಎನ್ನುವುದು ಒಂದು ಪ್ರಶ್ನೆ. ಯಾರ ಕೈಯಿಂದ ನಿಂತಿತು ಎನ್ನುವುದು ಇನ್ನೊಂದು: ತನ್ನದೇ ಕೈಯೋ, ಬೇರೆಯವರ ಕೈಯೋ, ಅಥವಾ ಯಾರ ಕೈಯೂ ಅಲ್ಲವೋ. ಬಟ್ಟೆಯನ್ನು ನಿರ್ದೋಷಿ ಮಾಡಿದ್ದೆ, ಅಣ್ಣನನ್ನು ಮಾಡಿರಲಿಲ್ಲ.

ನನ್ನನ್ನು ಕಾಡುತ್ತಿದ್ದ ಮತ್ತೊಂದು ಸಂಗತಿಯಿತ್ತು. ಆ ರಕ್ತದ ಬಣ್ಣ. ಉಸಿರು ಕಟ್ಟಿ ಸತ್ತವರ ರಕ್ತ ಕಪ್ಪಾಗಿರುತ್ತದೆ. ಇವನದು ನಮ್ಮೂರಿನ ಪುನರ್ಪುಳಿ ಶರಬತ್ತಿನ ತಿಳಿಗೆಂಪು ಬಣ್ಣದಲ್ಲಿತ್ತು. ತುಟಿಯ ಒಳಭಾಗ, ಉಗುರು, ಒಳಗಿನ ಅಂಗಗಳು ಎಲ್ಲ ಹಾಗೆಯೇ ಗುಲಾಬಿ. ಇದ್ದಿಲಿನ ವಿಷಾನಿಲ ರಕ್ತಕ್ಕೆ ಸೇರಿದರೆ ಈ ಬಣ್ಣ ಬರುತ್ತದೆ. ಆದರೆ ಹೆಣವನ್ನು ಮಂಜಿನ ಮೇಲೆ ಇಟ್ಟರೂ ಗುಲಾಬಿಯಾಗುತ್ತದೆ, ಮತ್ತು ಇವನು ಇಡೀ ರಾತ್ರಿ ಮಂಜಿನ ಮೇಲಿದ್ದ. ಜೊತೆಗೆ ಪಂಚನಾಮೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಕಿಟಕಿ ತೆರೆದಿತ್ತು, ಖೋಲಿಯಲ್ಲಿ ಒಲೆ ಇರಲಿಲ್ಲ.

ಥಾಣೆಯಲ್ಲಿದ್ದ ಹಿರಿಯ ವೈದ್ಯಾಧಿಕಾರಿಗೆ ಫೋನು ಹಚ್ಚಿದೆ. ಅವರು ಒಳ್ಳೆಯವರು, ನಿವೃತ್ತಿಗೆ ಹತ್ತಿರದಲ್ಲಿದ್ದರು.

"ರಕ್ತ, ಅಂಗಗಳನ್ನು ಮುಂಬಯಿ ಪ್ರಯೋಗಾಲಯಕ್ಕೆ ಕಳಿಸಿಬಿಡು. 'ಅಭಿಪ್ರಾಯ ಕಾಯ್ದಿರಿಸಿದೆ' ಅಂತ ಬರೆ. ಯಾರೂ ನಿನ್ನನ್ನು ಏನೂ ಕೇಳುವುದಿಲ್ಲ."

"ವರದಿ ಬರಲು ತಿಂಗಳುಗಟ್ಟಲೆ ಆಗುತ್ತದೆ ಸರ್. ಅಲ್ಲಿಯವರೆಗೆ ಅವನು ಒಳಗಿರುತ್ತಾನೆ."

"ಅದು ಕೋರ್ಟಿನ ತಲೆನೋವು, ನಿನ್ನದಲ್ಲ."

ನಿಯಮದ ಪ್ರಕಾರ ಅವರು ಹೇಳಿದ್ದೇ ಕ್ಷೇಮದ ದಾರಿ. ನಾನೂ ಎಷ್ಟೋ ಕೇಸುಗಳಲ್ಲಿ ಹಾಗೇ ಬರೆದಿದ್ದೇನೆ. ಕಾಗದ ಮುಂದಿಟ್ಟುಕೊಂಡು ಕುಳಿತೆ. ಹೊರಗೆ ಯಾರೋ ವಾಂತಿ ಮಾಡುವ ಸದ್ದಾಯಿತು.

ಆ ಹುಡುಗಿಯೇ. ನರ್ಸ್ ನೀರು ಕೊಟ್ಟು, ಬಸುರಿಯರಿಗೆ ಇದೆಲ್ಲ ಸಹಜ ಎಂದಳು. ನಾನು ಎದುರಿಗೆ ಕುಳಿತೆ.

"ತಲೆ ನೋಯುತ್ತದೆಯಾ?"

"ನಿನ್ನಿಯಿಂದ ಸಿಡ್ಯಾಕತ್ತೈತ್ರಿ ಅಕ್ಕಾರ. ನಿನ್ನಿ ನಸಿಕ್ನ್ಯಾಗ ಅಣ್ಣ ಪಾಳಿ ಮುಗಿಸಿ ಬಂದು ಬಾಗ್ಲಾ ಬಡದಾ, ಬಡದಾ, ನನಗ ಕೇಳಿಸ್ತಿತ್ತು, ಏಳಾಕ ಆಗವಲ್ದು. ಕಾಲು ನನ್ನವಲ್ಲ ಅನಸ್ತು. ಹೆಂಗರ ಮಾಡಿ ಅಗಳಿ ತಗದು ಅಲ್ಲೇ ಬಿದ್ನಿ. ಎಲ್ಲಾರೂ ದುಃಖಕ್ಕ ಬಿದ್ಲು ಅಂದ್ರು. ಅವಾಗ ನನಗ ಅವರು ಹೋಗಿದ್ದ ಗೊತ್ತಿರಲಿಲ್ರಿ."

ಗಂಡ ಸತ್ತದ್ದು ಗೊತ್ತಾಗುವ ಮೊದಲೇ ಬಿದ್ದಿದ್ದಳು. ಅಂದರೆ ದುಃಖಕ್ಕೆ ಬಿದ್ದದ್ದಲ್ಲ.

"ಒಳಗೆ ಬೆಂಕಿ ಇತ್ತಾ?"

"ಶೆಗಡಿ ಇತ್ರಿ. ಅವರಿಗಿ ಥಂಡಿ ಭಾಳ ಹತ್ತಿತ್ತು. ಆದ್ರ ಹೊಗಿ ಇರಲಿಲ್ರಿ. ಹೊರಗ ಹಚ್ಚಿ, ಹೊಗಿ ಪೂರಾ ಹೋಗಿ ಕೆಂಡ ಕೆಂಪಾದ ಮ್ಯಾಲೇನ ಒಳಗ ತಂದಿದ್ನಿ."

ಶೆಗಡಿ ಎಂದರೆ ಇದ್ದಿಲು ಉರಿಸುವ ತಗಡಿನ ಒಲೆ. ಯಾರ್ಡಿನಲ್ಲಿ ಇಂಜಿನ್ನುಗಳು ಉದುರಿಸಿದ ಅರೆಬೆಂದ ಇದ್ದಿಲನ್ನು ಆರಿಸಿ ತಂದು ಚಾಳಿನವರೆಲ್ಲ ಉರಿಸುತ್ತಿದ್ದರು. ಹೊಗೆ ಕಣ್ಣಿಗೆ ಕಾಣುತ್ತದೆ, ಕೆಮ್ಮು ತರಿಸುತ್ತದೆ, ಅದಕ್ಕೇ ಜನ ಹೊಗೆಗೆ ಹೆದರುತ್ತಾರೆ. ಹೊಗೆ ಹೋದ ಮೇಲೆ ಬರುವ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪಾಪದ ಹುಡುಗಿ, ತನಗೆ ತಿಳಿದ ಎಚ್ಚರಿಕೆಯನ್ನೆಲ್ಲ ತೆಗೆದುಕೊಂಡಿದ್ದಳು.

ಆಗಲೇ ನಾನು ತೀರ್ಮಾನ ಮಾಡಿದ್ದು. ಅಭಿಪ್ರಾಯ ಕಾಯ್ದಿರಿಸುವುದಿಲ್ಲ. ಇವತ್ತೇ ಬರೆಯುತ್ತೇನೆ, ಆದರೆ ಇನ್‌ಸ್ಪೆಕ್ಟರ್ ಇನ್ನೊಂದು "ಹಾಗಾದರೆ" ಹೇಳದಂತೆ ಬರೆಯುತ್ತೇನೆ.

ಅವಳ ರಕ್ತ ಪರೀಕ್ಷಿಸಿ ಪ್ರಯೋಜನವಿರಲಿಲ್ಲ. ಒಂದು ಹಗಲು ಒಂದು ರಾತ್ರಿ ಹೊರಗಿನ ಗಾಳಿ ಕುಡಿದವಳ ರಕ್ತದಿಂದ ಅನಿಲ ಹೊರಟುಹೋಗಿರುತ್ತದೆ. ಸತ್ತವನ ರಕ್ತದಲ್ಲಿ ಮಾತ್ರ ಅದು ಹಾಗೇ ಕುಳಿತಿರುತ್ತದೆ. ಅದಕ್ಕೊಂದು ಹಳೆಯ, ಸರಳ ಪರೀಕ್ಷೆಯಿದೆ. ಕಾಸ್ಟಿಕ್ ಸೋಡಾದ ದ್ರಾವಣಕ್ಕೆ ರಕ್ತದ ಕೆಲವು ಹನಿ ಬೆರೆಸಿದರೆ ಮಾಮೂಲಿ ರಕ್ತ ಹಸಿರು ಬೆರೆತ ಕಂದಾಗುತ್ತದೆ. ಈ ಅನಿಲ ಹಿಡಿದ ರಕ್ತ ಕೆಂಪಾಗಿಯೇ ಉಳಿಯುತ್ತದೆ. ನಮ್ಮ ಪುಟ್ಟ ಪ್ರಯೋಗಾಲಯದಲ್ಲಿ ಕಾಸ್ಟಿಕ್ ಸೋಡಾಗೆ ಬರವಿರಲಿಲ್ಲ.

ಇನ್‌ಸ್ಪೆಕ್ಟರರನ್ನು ಮೇಜಿನ ಮುಂದೆ ನಿಲ್ಲಿಸಿ ಗಾಜಿನ ಕೊಳವೆಗಳನ್ನು ಸಾಲಾಗಿ ಇಟ್ಟೆ. ಮೊದಲನೆಯದಕ್ಕೆ ನನ್ನದೇ ಬೆರಳು ಚುಚ್ಚಿ ರಕ್ತ ಹಾಕಿದೆ. ಎರಡನೆಯದು ಬಹಳ ಮುಖ್ಯ. ಅದೇ ಮಂಜಿನ ಮೇಲೆ ಅದೇ ರಾತ್ರಿ ಬದಲಾಪುರದ ಕಡೆ ರೈಲಿಗೆ ಸಿಕ್ಕಿ ಸತ್ತ ಒಬ್ಬನ ದೇಹವೂ ಇತ್ತು, ಅವನ ರಕ್ತ. ಗುಲಾಬಿ ಬಣ್ಣ ಮಂಜಿನಿಂದ ಬಂದದ್ದಾದರೆ ಈ ರಕ್ತವೂ ನಮ್ಮ ಮನುಷ್ಯನದೂ ಒಂದೇ ಥರ ವರ್ತಿಸಬೇಕು. ಮೂರನೆಯದಕ್ಕೆ ನಮ್ಮ ಮನುಷ್ಯನದು.

ಅಲುಗಾಡಿಸಿ ಸ್ಟ್ಯಾಂಡಿಗೆ ಸಿಕ್ಕಿಸಿದೆ. ನನ್ನ ರಕ್ತ ಕಂದಾಗಿ ಪಾಚಿಯ ಬಣ್ಣಕ್ಕೆ ತಿರುಗಿತು. ರೈಲಿನವನದೂ ಹಾಗೇ ಆಯಿತು. ಮೂರನೆಯದು ಕದಲಲಿಲ್ಲ. ನಾವಿಬ್ಬರೂ ಬಗ್ಗಿ ನೋಡುತ್ತಲೇ ಇದ್ದೆವು. ಅದು ಶರಬತ್ತಿನ ಹಾಗೆ ಕೆಂಪಾಗಿ ನಿಂತೇ ಇತ್ತು. "ಅರೇ," ಎಂದರು ಇನ್‌ಸ್ಪೆಕ್ಟರ್.

ಆಮೇಲೆ ಅವರೇ ತಲೆ ಕೆರೆದುಕೊಂಡು, "ಆದರೆ ಬಾಈ, ಆ ಖೋಲಿಯಲ್ಲಿ ಶೆಗಡಿ ಇರಲಿಲ್ಲ. ನಾನೇ ಕಣ್ಣಾರೆ ನೋಡಿ ಬರೆಸಿದ್ದು. ಕಿಟಕಿಯಿಂದ ಗಾಳಿ ಧಾರಾಳವಾಗಿ ಬರುತ್ತಿತ್ತು," ಎಂದರು.

"ಹಾಗಾದರೆ ಹೋಗಿ ನೋಡೋಣ, ನಡೆಯಿರಿ."

"ನೀವು ಬರುತ್ತೀರಾ?"

"ನಾನಲ್ಲದೆ ಇನ್ಯಾರು?"

ಜೀಪಿನಲ್ಲಿ ಹುಡುಗಿಯನ್ನೂ ಕೂರಿಸಿಕೊಂಡೆ. ಚಾಳಿನ ಗ್ಯಾಲರಿಯಲ್ಲಿ ಪ್ರತಿ ಬಾಗಿಲ ಮುಂದೂ ಶೆಗಡಿಗಳ ಸಾಲು. ಯಾರದು ಯಾವುದು ಎಂದು ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ಹುಡುಗಿ ನೇರವಾಗಿ ಹೋಗಿ ಕೊನೆಯಲ್ಲಿ ಬೋರಲು ಹಾಕಿದ್ದ ಒಂದನ್ನು ತೋರಿಸಿದಳು.

"ಇದ ನಮ್ಮದು. ಅವರು ಹೋದ್ರಂತ ಗೊತ್ತಾಗಿದ್ದ ತಡಾ, ಅಣ್ಣ ಬೂದಿ ಚೆಲ್ಲಿ ಹೊರಗ ಇಟ್ಟಾ. ಸತ್ತ ಮನ್ಯಾಗ ಒಲಿ ಇಡಬಾರದಲ್ರಿ."

"ಕಿಟಕಿ?"

"ಅದಕ ಗೋಣಿ ತಾಟು ತುರಕಿದ್ವಿ, ಗಾಳಿ ಬರಬಾರದಂತ. ಸರಳಿಗಿ ಅರಬಿ ಕಟ್ಟಬೇಕಲ್ರಿ, ಅದಕ್ಕಂತ ಅಣ್ಣ ಕಿತ್ತು ಒಗದಾ."

ಇನ್‌ಸ್ಪೆಕ್ಟರರಿಗೆ ಇದನ್ನು ಮರಾಠಿಯಲ್ಲಿ ಹೇಳಿದಾಗ ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆ ಮನುಷ್ಯ ಬೆಂಕಿಯನ್ನು ಹೊರಗೆ ಹಾಕಿದ್ದು, ಕಿಟಕಿ ತೆರೆದದ್ದು, ಮೈಗೆ ವಿಭೂತಿ ಬಳಿದದ್ದು, ಗದ್ದಕ್ಕೆ ಬಟ್ಟೆ ಕಟ್ಟಿದ್ದು, ಎಲ್ಲವೂ ತನ್ನವನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವುದಕ್ಕಾಗಿ. ಒಂದೊಂದನ್ನು ಮಾಡುತ್ತ ಹೋದಂತೆ ತನ್ನನ್ನು ಉಳಿಸಬಹುದಾಗಿದ್ದ ಒಂದೊಂದು ಸಾಕ್ಷಿಯನ್ನೂ ತಾನೇ ಅಳಿಸುತ್ತ ಹೋಗಿದ್ದ.

"ಎಲ್ಲವನ್ನೂ ಮೊದಲಿನ ಹಾಗೇ ಇಡು," ಎಂದೆ ಹುಡುಗಿಗೆ. ಅವಳು ಗ್ಯಾಲರಿಯ ಮೂಲೆಯಿಂದ ಗೋಣಿ ತಂದು ಕಿಟಕಿಗೆ ತುರುಕಿದಳು. ಶೆಗಡಿಯನ್ನು ತಂದು ಇಟ್ಟಳು. ನೆಲದ ಮೇಲೆ ಬಿಸಿಗೆ ಕಂದಿದ ದುಂಡು ಕಲೆಯೊಂದಿತ್ತು. ಶೆಗಡಿ ಸರಿಯಾಗಿ ಅದರ ಮೇಲೆ ಕುಳಿತಿತು. ಪಕ್ಕದಲ್ಲಿ ಗಂಡನ ಚಾಪೆ ಹಾಸಿದಳು. ಬೆನ್ನಿನಲ್ಲಿ ಕಂಡ ಹೆಣಿಗೆಯನ್ನು ಕಾಗದದ ಮೇಲೆ ಅಳತೆಗೆ ಬರೆದುಕೊಂಡಿದ್ದೆ. ಚಾಪೆಯ ಮೇಲಿಟ್ಟು ನೋಡಿದೆ, ಹೊಂದಿತು.

ಬಾಗಿಲು ಹಾಕಿ ಮೂವರೂ ಒಳಗೆ ನಿಂತೆವು. ಹೊರಗೆ ಕಣ್ಣು ಕುಕ್ಕುವ ಮಧ್ಯಾಹ್ನ, ಒಳಗೆ ನನ್ನ ಕೈ ನನಗೆ ಕಾಣಲಿಲ್ಲ. ಎಲ್ಲೂ ಒಂದು ಬಿರುಕಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಒಂದೇ ಒಂದು ಕಡೆ ಬೆಳಕು ಕಂಡಿತು. ಬಾಗಿಲಿನ ಕೆಳಗೆ, ಸವೆದ ಹೊಸ್ತಿಲಿನ ಮೇಲೆ, ಬೆರಳಷ್ಟು ಸಂದಿನಲ್ಲಿ ಒಂದು ಪಟ್ಟಿ.

"ನೀನು ಎಲ್ಲಿ ಮಲಗಿದ್ದೆ?" ಕತ್ತಲಲ್ಲೇ ಕೇಳಿದೆ.

"ಅಲ್ಲೇರಿ. ಬಾಗ್ಲದಾಗ. ನಾ ಅವರ ಮಗ್ಗಲಕ ಮಲಗತೀನಿ ಅಂದ್ನಿ. ಬ್ಯಾಡ, ನನ್ನ ಜ್ವರ ಕೂಸಿಗಿ ಹತ್ತೀತು, ನೀ ದೂರ ಹೋಗು ಅಂತ ಬೈದು ಕಳಿಸಿದ್ರು. ನನಗ ಸಿಟ್ಟ ಬಂದು ಆ ಕಡಿ ಮಾರಿ ಮಾಡಿ ಮಲಗಿದ್ನಿ."

ನಾನೇ ಬಾಗಿಲು ತೆರೆದೆ. ಅವಳು ಆ ಸಂದಿನ ಕಡೆ ಮುಖ ಮಾಡಿ ಮಲಗಿದ್ದರಿಂದ ಬದುಕಿದ್ದಳು. ಅದನ್ನು ಹೇಳಿದಾಗ ಅವಳು ಹೊಸ್ತಿಲ ಬಳಿ ಕುಳಿತು ಆ ಜಾಗವನ್ನು ಅಂಗೈಯಿಂದ ಸವರಿದಳು. ಅವತ್ತಿನವರೆಗೂ ಬರದಿದ್ದ ಅಳು ಆಗ ಬಂತು. ನನಗೂ ಕಣ್ಣು ತುಂಬಿತು. ಇನ್‌ಸ್ಪೆಕ್ಟರ್ ಗ್ಯಾಲರಿಯ ಕಟಕಟೆ ಹಿಡಿದು ಯಾರ್ಡಿನ ಕಡೆ ನೋಡುತ್ತಿದ್ದರು.

ಆಸ್ಪತ್ರೆಗೆ ಬಂದವಳೇ ಅವಳನ್ನು ಹೆರಿಗೆ ವಾರ್ಡಿನ ಮಂಚದ ಮೇಲೆ ಮಲಗಿಸಿದೆ. ತಾಯಿಗಿಂತ ಹೊಟ್ಟೆಯ ಕೂಸಿಗೆ ಈ ಅನಿಲದ ಹಾನಿ ಹೆಚ್ಚು. ಕೇಸಿನ ಗಲಾಟೆಯಲ್ಲಿ ಅದನ್ನು ಕೇಳುವವರೇ ಇರಲಿಲ್ಲ. ಕೂಸಿನ ಎದೆಬಡಿತ ಕೇಳುವ ಮರದ ಕೊಳವೆಯನ್ನು ಹೊಟ್ಟೆಗೆ ಊರಿ ಕಿವಿ ಇಟ್ಟೆ. ಮೊದಲು ಏನೂ ಕೇಳಲಿಲ್ಲ. ಜಾಗ ಬದಲಿಸಿದೆ, ಮತ್ತೆ ಬದಲಿಸಿದೆ. ಎಡಕ್ಕೆ, ಸ್ವಲ್ಪ ಕೆಳಗೆ, ಟಕಟಕ ಟಕಟಕ ಎಂದು ಸಿಕ್ಕಿತು. ಗಟ್ಟಿಯಾಗಿ, ಒಂದೇ ಸಮನೆ. "ಇದೆ, ಚೆನ್ನಾಗಿದೆ," ಎಂದೆ. ಅವಳು ಕಣ್ಣು ಮುಚ್ಚಿದಳು.

ಆಮೇಲೆ ಬರೆಯಲು ಕುಳಿತೆ. ಕುತ್ತಿಗೆಯ ಗುರುತು ಮರಣಾನಂತರದ್ದು. ಸಾವಿನ ಕಾರಣ, ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅನಿಲ ಸೇವನೆ. ಸಾವಿನ ಬಗೆ ಎಂಬಲ್ಲಿ "ಅಪಘಾತ" ಎಂದು ಬರೆದು, ಪ್ರಯೋಗಾಲಯದ ವರದಿಗೆ ಒಳಪಟ್ಟು ಎಂದು ಸೇರಿಸಿದೆ. ಥಾಣೆಯ ಹಿರಿಯರು ಫೋನಿನಲ್ಲಿ, "ವರದಿ ಬೇರೆ ಬಂದರೆ?" ಎಂದರು. "ಬಂದರೆ ನನ್ನನ್ನು ಕರೆಸಿ ಬೈಯಿರಿ ಸರ್," ಎಂದೆ. ಮಳೆಗಾಲಕ್ಕೆ ಮುಂಚೆ ವರದಿ ಬಂತು, ನಾನು ಬರೆದದ್ದನ್ನೇ ಹೇಳಿತು. ಬೈಯುವ ಅವಕಾಶ ಅವರಿಗೆ ಸಿಗಲಿಲ್ಲ.

ಇನ್‌ಸ್ಪೆಕ್ಟರ್ ನನ್ನ ಕಾಗದ ತೆಗೆದುಕೊಂಡು ಕೋರ್ಟಿಗೆ ಹೋದರು. ಇಳಿಹೊತ್ತಿಗೆ ಜೀಪು ಮರಳಿ ಬಂತು. ಅಣ್ಣ ಅದರಿಂದ ಇಳಿದ. ದೊಡ್ಡ ಆಳು, ಹೆಗಲ ಮೇಲೆ ಮೂಟೆ ಹೊತ್ತ ಕಪ್ಪು ಗುರುತು. ಕೈಗೆ ಹಗ್ಗವಿರಲಿಲ್ಲ, ಆದರೂ ಕೈಗಳನ್ನು ಕೂಡಿಸಿ ಹಿಡಿದುಕೊಂಡೇ ಬಂದ.

"ಬಾಯಾರ, ಬಿಟ್ರಂತ್ರಿ," ಎಂದ, ನಂಬಿಕೆ ಬಾರದವನ ಹಾಗೆ. ಆಮೇಲೆ ತಲೆ ತಗ್ಗಿಸಿದ. "ಆದ್ರ ನಾ ಅಂದಿದ್ನಿರಿ. ದವಾಖಾನಿಗಿ ಹೋಗೂಣ ನಡಿ ಅಂದ್ರ ಅಂವ ಒಲ್ಲೆ ಅಂದಾ. ನನಗ ಸಿಟ್ಟ ಬಂದು, ಹಂಗಾದ್ರ ಸಾಯಿ ಅಂದ್ನಿ. ಅಂವ ಸತ್ತಾ."

"ನಿನ್ನ ಮಾತಿನಿಂದ ಸತ್ತಿದ್ದಾನಾ ಇಲ್ಲವಾ ಎಂದು ನಾನು ನೋಡಿದ್ದೇನೆ," ಎಂದೆ. ಸ್ವಲ್ಪ ಒರಟಾಗಿಯೇ ಹೇಳಿದೆ, ಮೆತ್ತಗೆ ಹೇಳಿದರೆ ಅವನು ನಂಬುತ್ತಿರಲಿಲ್ಲ. "ಮೈಯೊಳಗೆಲ್ಲ ಹುಡುಕಿದ್ದೇನೆ. ಅಲ್ಲಿ ಇದ್ದಿಲಿನ ಗಾಳಿ ಇತ್ತು, ನಿನ್ನ ಮಾತು ಇರಲಿಲ್ಲ. ಬರೆದು ಸಹಿ ಹಾಕಿ ಕೊಟ್ಟಿದ್ದೇನೆ."

ಅವನು ಗೋಡೆಗೆ ಒರಗಿ ನಿಂತು ಒಂದು ದೀರ್ಘ ಉಸಿರು ಬಿಟ್ಟ. ಅಷ್ಟು ದೊಡ್ಡ ಎದೆ ಖಾಲಿಯಾಗುವುದನ್ನು ನಾನು ನೋಡಿದೆ.

ಅವನ ಕಡೆಯವರು ನಾಲ್ಕಾರು ಮಂದಿ ಹೂವು, ವಿಭೂತಿ ಹಿಡಿದು ಬಂದಿದ್ದರು. ದೇಹವನ್ನು ಹೊಲಿದು, ತೊಳೆದು, ಬಿಳಿ ಬಟ್ಟೆ ಹೊದಿಸಿ ಇಟ್ಟಿದ್ದೆವು. ಗಾಜ್ ಬಟ್ಟೆ ಬಿಚ್ಚಿ ಇಷ್ಟಲಿಂಗವನ್ನು ಅಣ್ಣನ ಕೈಗೆ ಕೊಟ್ಟೆ. ಅವನು ಅದನ್ನು ಕಣ್ಣಿಗೊತ್ತಿಕೊಂಡು, ತಂಗಿಯ ಗಂಡನ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಚಿದ. ನಂತರ ಏನೋ ಕೇಳಬೇಕೆಂದು ನಿಂತ, ಕೇಳಲಾಗದೆ ಮೊದಲು ಇನ್‌ಸ್ಪೆಕ್ಟರರ ಕಡೆ, ಆಮೇಲೆ ನನ್ನ ಕಡೆ ನೋಡಿದ.

"ಏನು?"

"ಕುಂಡ್ರಿಸಬೌದೇನ್ರಿ?"

ನಾನು ಇನ್‌ಸ್ಪೆಕ್ಟರರಿಗೆ ಹೇಳಿದೆ. ಅವರು ಕೆಮ್ಮಿ, "ಕೂರಿಸಲಿ, ಕೂರಿಸಲಿ. ಯಾರು ಬೇಡ ಅಂದರು?" ಎಂದು ತಾವೇ ಬೆಂಚು ಎಳೆದು ಗೋಡೆಗೆ ತಾಗಿಸಿದರು.

ಮರಗಟ್ಟಿದ್ದು ಈಗ ಬಿಟ್ಟಿತ್ತು. ಅವರು ಕಾಲು ಮಡಚಿ ಕೂರಿಸಿದ ಕೂಡಲೇ ತಲೆ ಎದೆಗೆ ವಾಲಿತು. ಅಣ್ಣ ಹೆಗಲ ಮೇಲಿನ ಟವೆಲ್ಲಿಗೆ ಕೈ ಹಾಕಿದವನು ಅರ್ಧದಲ್ಲೇ ನಿಲ್ಲಿಸಿದ.

ನಾನು ಒಳಗೆ ಹೋಗಿ ಅಗಲದ ಬ್ಯಾಂಡೇಜಿನ ಒಂದು ಹೊಸ ಸುರುಳಿ ತಂದು ಅವನ ಕೈಗೆ ಕೊಟ್ಟೆ.

"ತಗೋ, ಕಟ್ಟು," ಎಂದೆ. "ಹಣೆಗೆ ಕಟ್ಟು ಮಾರಾಯ, ಗದ್ದಕ್ಕೆ ಬೇಡ."